ರಾಣಿ ಮಮ್ಮಿ ದರ್ಶನ

ನಮ್ಮ ಶೇಡಬಾಳದ ಬಸದಿಯ ಮಹಿಳಾ ಮಂಡಳದಿಂದ ಒಂದು ಪುಸ್ತಿಕೆ ಬರಲಿದೆ. ಹೋದ ಚಳಿಗಾಲದಲ್ಲಿ ಈಜಿಪ್ತ್ ನೋಡಿಬಂದವರೆಲ್ಲ ಅದಕ್ಕೆ ಒಂದೊಂದು ಬರಹ ಕೊಡಬೇಕು. ವಿಷಯವನ್ನೂ ಅವರೇ ಕೊಟ್ಟಿದ್ದಾರೆ: ಪ್ರಾಚೀನ ಇತಿಹಾಸ, ಸಂಸ್ಕೃತಿ ಇರುವ ದೇಶವನ್ನು ಯಾಕೆ ನೋಡಬೇಕು. ಉಳಿದವರು ಬರೆದುಕೊಟ್ಟಾಗಿದೆ. ಒಂದೆರಡು ಓದಿದೆ. ಎಲ್ಲರೂ ಪಿರಮಿಡ್ಡಿನ ಎತ್ತರ ಬರೆದಿದ್ದಾರೆ, ನೈಲ್ ನದಿಯ ಉದ್ದ ಬರೆದಿದ್ದಾರೆ. ಅದನ್ನು ಮನೆಯಲ್ಲೇ ಕೂತು ಮೊಬೈಲ್ ನೋಡಿಯೂ ಬರೆಯಬಹುದು. ಹಾಗೇ ಬರೆದಿದ್ದಾರೆ ಕೂಡ.

ನನಗೆ ಆ ದೇಶ ನೆನೆದರೆ ಮೊದಲು ಬರುವುದು ಹೇಸಿಗೆ. ಬಸದಿಯ ಪುಸ್ತಿಕೆಯಲ್ಲಿ ಹೇಸಿಗೆ ಅಂತ ಬರೆಯಬಹುದೋ ಇಲ್ಲವೋ ಗೊತ್ತಿಲ್ಲ. ಆದರೆ ಸುಳ್ಳು ಬರೆದು ನಾಳೆ ಅದೇ ಬಸದಿಯಲ್ಲಿ ಭಗವಂತನ ಮುಂದೆ ನಿಲ್ಲುವುದು ನನ್ನಿಂದ ಆಗದು. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ನಾವು ಹೋದದ್ದು ನಿಪ್ಪಾಣಿಯ ಒಬ್ಬ ಟೂರಿನವನ ಜೊತೆ. ಇಪ್ಪತ್ತು ವರ್ಷದಿಂದ ಆತ ನಮ್ಮ ಕಡೆಯ ಮಂದಿಯನ್ನು ಶಿಖರಜಿಗೆ, ಶ್ರವಣಬೆಳಗೊಳಕ್ಕೆ ಬಸ್ಸು ತುಂಬಿಕೊಂಡು ಕರೆದೊಯ್ಯುತ್ತಾನೆ. ಹೊರದೇಶಕ್ಕೆ ಇದೇ ಮೊದಲು. ಮನುಷ್ಯ ಒಳ್ಳೆಯವನೇ. ಮುಖ್ಯವಾಗಿ ಅಡಿಗೆಯವನನ್ನು ಜೊತೆಗೇ ಒಯ್ಯುತ್ತಾನೆ, ಉಳ್ಳಾಗಡ್ಡಿ, ಬೆಳ್ಳುಳ್ಳಿ, ಬಟಾಟೆ ಮುಟ್ಟದ ಅಡಿಗೆ. ಆ ಒಂದು ಮಾತಿನ ಮೇಲೆ ನಮ್ಮ ಮನೆಯ ಗಂಡಸರು ನಮ್ಮಿಬ್ಬರನ್ನು ಕಳಿಸಲು ಒಪ್ಪಿದರು. ದ್ರಾಕ್ಷಿಯ ಚಾಟ್ನಿ, ಅಂದರೆ ಕೊಂಬೆ ಕತ್ತರಿಸುವ ಕೆಲಸ, ಮುಗಿದು ಬಳ್ಳಿ ಚಿಗುರುವ ಹೊತ್ತು, ಅವರಿಗೆ ತೋಟ ಬಿಟ್ಟು ಅಲ್ಲಾಡಲು ಬರುವುದಿಲ್ಲ.

ಇಬ್ಬರು ಅಂದರೆ ನಾನು ಮತ್ತು ನನ್ನ ಹಿರಿ ನೆಗೆಣ್ಣಿ, ನನ್ನ ಗಂಡನ ಅಣ್ಣನ ಹೆಂಡತಿ. ನಾನು ಆಕೆಯನ್ನು ಅಕ್ಕ ಅನ್ನುತ್ತೇನೆ. ಮೂವತ್ತೊಂದು ವರ್ಷ ಒಂದೇ ಒಲೆಯ ಮುಂದೆ ಕೂತವರು ನಾವು. ಆಕೆಗೆ ಅರವತ್ತೆಂಟು, ಮೈಯಲ್ಲಿ ಸಕ್ಕರೆ ಕಾಯಿಲೆ. ಹೊತ್ತು ಮುಳುಗಿದ ಮೇಲೆ ಹನಿ ನೀರು ಮುಟ್ಟುವುದಿಲ್ಲ. ಅಷ್ಟಮಿ, ಚತುರ್ದಶಿಗೆ ದಿನಕ್ಕೆ ಒಂದೇ ಊಟ. ಮಗಳ ಬಾಣಂತನದಲ್ಲಿ ಆಸ್ಪತ್ರೆಯ ವರಾಂಡದಲ್ಲಿ ಕೂತಾಗಲೂ ಆಕೆ ಈ ನೇಮ ಬಿಟ್ಟವಳಲ್ಲ.

ಹೊರಡುವ ಮೊದಲು ಟೂರಿನವನು ಒಂದು ಹಾಳೆ ಅಚ್ಚು ಹಾಕಿಸಿ ಹಂಚಿದ. ಯಾವ ದಿನ ಏನು ಅಂತ. ಆತನ ಕೈ ಯಾತ್ರೆಯ ಹಾಳೆ ಬರೆದು ಬರೆದು ಪಳಗಿದ ಕೈ. ಎಲ್ಲದರ ಮುಂದೂ ಒಂದು ‘ದರ್ಶನ’ ಹಚ್ಚುವುದು ಆತನ ರೂಢಿ. ಪಿರಮಿಡ್ ದರ್ಶನ. ನೈಲ್ ದರ್ಶನ. ಹಳೇ ಬಜಾರ್ ದರ್ಶನ. ಎರಡನೇ ದಿನದ ಮಧ್ಯಾಹ್ನದ ಎದುರು ಬರೆದಿತ್ತು: ರಾಣಿ ಮಮ್ಮಿ ದರ್ಶನ.

ಅಕ್ಕ ಅದನ್ನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು. ಆ ದೇಶದ ದೊಡ್ಡ ದೇವಿ ಇರಬೇಕು, ನಮ್ಮ ಪದ್ಮಾವತಿ ಇದ್ದ ಹಾಗೆ ಅಂದಳು. ರಾಣಿ ಅಂದರೆ ದೇವಿ, ಮಮ್ಮಿ ಅಂದರೆ ತಾಯಿ, ಅಷ್ಟೇ. ಇದನ್ನು ಓದಿ ನಗುವವರು ನಗಲಿ. ನಾನೂ ಹತ್ತನೇತ್ತೆ ಓದಿದವಳು, ಎಲ್ಲೋ ಇತಿಹಾಸದ ಪುಸ್ತಕದಲ್ಲಿ ಆ ಶಬ್ದ ಕಣ್ಣಿಗೆ ಬಿದ್ದಿತ್ತು. ಆದರೆ ನಮ್ಮ ಮನೆಯ ಮಕ್ಕಳು ದಿನಾ ನನ್ನನ್ನು ಕೂಗುವುದೇ ಮಮ್ಮಿ ಅಂತ. ಮುಂದೆ ‘ದರ್ಶನ’ ಅಂತ ಬೇರೆ ಅಚ್ಚಾಗಿದೆ. ಆ ಎರಡರ ನಡುವೆ ಹೆಣದ ವಿಚಾರ ಯಾರಿಗೆ ಹೊಳೆದೀತು?

ದೇವಿ ಅಂದ ಮೇಲೆ ಬರಿಗೈಲಿ ಹೋಗುವುದು ನಮ್ಮಲ್ಲಿ ಇಲ್ಲ. ಉಡಿ ತುಂಬಬೇಕು. ಅಕ್ಕ ಟ್ರಂಕಿನಿಂದ ಕುಪ್ಪಸದ ಹಸಿರು ಖಣ ತೆಗೆದಳು. ಅಕ್ಕಿ, ಎರಡು ಕೊಬ್ಬರಿ ಬಟ್ಟಲು, ಐದು ಉತ್ತತ್ತಿ, ಐದು ಅರಿಷಿಣ ಕೊಂಬು, ಅಡಿಕೆ, ಒಂದು ಡಜನ್ ಹಸಿರು ಬಳೆ. ಎಲ್ಲವನ್ನೂ ಖಣದಲ್ಲಿ ಕಟ್ಟಿ, ನೀರು ಸೋಸಿ ಗಾಳಿಸುವ ಬಟ್ಟೆಯ ಜೊತೆ ಕೈಚೀಲದಲ್ಲಿ ಇಟ್ಟುಕೊಂಡಳು.

ವಿಮಾನದ ವಿಚಾರ ಹೆಚ್ಚು ಬರೆಯುವುದಿಲ್ಲ. ಆ ಸಂಡಾಸಿನಲ್ಲಿ ನೀರಿಲ್ಲ, ಕಾಗದ. ಅಷ್ಟು ಮಂದಿ ಕಾಗದದಲ್ಲಿ ಒರೆಸಿಕೊಂಡು ಬಂದು ಅದೇ ಕೈಯಲ್ಲಿ ಬ್ರೆಡ್ಡು ಮುರಿದು ತಿನ್ನುವುದನ್ನು ಆರು ತಾಸು ನೋಡಿದೆ. ಅಡಿಗೆಯವನು ಕಟ್ಟಿಕೊಟ್ಟ ಕಟಕ ರೊಟ್ಟಿ, ಶೇಂಗಾ ಹಿಂಡಿ ಚೀಲದಲ್ಲಿತ್ತು. ಅದನ್ನು ತೆಗೆಯಲು ಮನಸ್ಸಾಗಲಿಲ್ಲ. ಕಿಟಕಿಯ ಪಕ್ಕದ ಜಾಗ ಸಿಕ್ಕಿತ್ತು, ಅದೊಂದು ಪುಣ್ಯ. ಮುಖ ಆ ಕಡೆ ತಿರುಗಿಸಿ ಕೂತೆ.

ಎರಡನೇ ದಿನ ಬೆಳಿಗ್ಗೆ ಪಿರಮಿಡ್. ದೊಡ್ಡದು, ಇಲ್ಲ ಅನ್ನುವುದಿಲ್ಲ. ಕುತ್ತಿಗೆ ಹಿಂದಕ್ಕೆ ಬಾಗಿಸಿದರೂ ತುದಿ ಕಾಣದು. ಆದರೆ ಮೇಲೆ ನೋಡಿದ್ದಕ್ಕಿಂತ ಕೆಳಗೆ ನೋಡಿ ಕಾಲಿಟ್ಟದ್ದೇ ಹೆಚ್ಚು. ಒಂಟೆಯ ಹಿಕ್ಕೆ, ಕುದುರೆಯ ಲದ್ದಿ. ಅದಾದರೂ ಮೂಕಪ್ರಾಣಿಗಳು ಮಾಡಿದ್ದು. ನಮ್ಮ ಗುಂಪಿನ ಒಬ್ಬ ಹಿರಿಯರು, ಊರಲ್ಲಿ ನಾಲ್ಕು ಮಂದಿ ಎದ್ದು ನಿಂತು ಮಾತಾಡಿಸುವಂಥವರು, ಬಾಯಲ್ಲಿ ಎಲೆ, ಅಡಿಕೆ, ತಂಬಾಕು ಇಟ್ಟುಕೊಂಡೇ ಬಂದಿದ್ದರು. ಸಾವಿರಾರು ವರ್ಷದ ಆ ಕಲ್ಲಿನ ಸಂದಿಗೆ ಪಿಚಕ್ ಅಂತ ಉಗುಳಿ, ಮೀಸೆ ಒರೆಸಿಕೊಂಡು, ಅದೇ ಕಲ್ಲಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಅಲ್ಲಿಯ ಕಾವಲುಗಾರ ಆ ಕೆಂಪು ಕಲೆಯನ್ನು ನೋಡಿದ. ಆಮೇಲೆ ನಮ್ಮೆಲ್ಲರನ್ನೂ ನೋಡಿದ. ಆತನ ಕಣ್ಣಲ್ಲಿ ನನ್ನ ಸೀರೆಯ ಮೇಲೂ ಅದೇ ಕಲೆ ಬಿದ್ದ ಹಾಗಾಯಿತು.

ಆ ದಿನ ಚತುರ್ದಶಿ. ಅಕ್ಕನದು ಒಂದೇ ಊಟ. ಹನ್ನೆರಡಕ್ಕೆ ಬಸ್ಸಿನಲ್ಲಿ ಡಬ್ಬಿ ಹಂಚಿದರು. ಅಕ್ಕ ಡಬ್ಬಿ ತೆಗೆದುಕೊಂಡಳು, ತೆರೆಯಲಿಲ್ಲ. ದೇವಿಯ ದರ್ಶನ ಮುಂದಿರುವಾಗ ಉಂಡು ಹೋಗುವುದು ಎಲ್ಲಿಯ ಪದ್ಧತಿ, ದರ್ಶನ ಆಗಲಿ, ಉಡಿ ತುಂಬಿ ಬಂದು ಉಣ್ಣುತ್ತೇನೆ ಅಂದಳು. ನಾನು ಒತ್ತಾಯ ಮಾಡಬೇಕಿತ್ತು. ಬೆಳಿಗ್ಗೆ ರೂಢಿಯ ಮೇಲೆ ಸಕ್ಕರೆಯ ಗುಳಿಗೆ ನುಂಗಿದ್ದಳು, ಅದನ್ನು ನಾನೇ ಕಣ್ಣಾರೆ ಕಂಡಿದ್ದೆ. ಗುಳಿಗೆ ನುಂಗಿ ಹೊಟ್ಟೆ ಖಾಲಿ ಬಿಟ್ಟರೆ ಆಕೆಗೆ ಬೆವರು ಬಂದು ಕಣ್ಣು ಕತ್ತಲಾಗುತ್ತದೆ. ಒಮ್ಮೆ ಹಿತ್ತಲ ಬಾಗಿಲಲ್ಲಿ ಹಾಗೇ ಬಿದ್ದಿದ್ದಳು. ಒಂದು ತಾಸಿನ ಮಾತು, ಆದೀತು ಅಂದುಕೊಂಡೆ. ಅವಳು ಉಣ್ಣಲಿಲ್ಲ ಅಂತ ನಾನೂ ಉಣ್ಣಲಿಲ್ಲ.

ರಸ್ತೆಯಲ್ಲಿ ಗಾಡಿಗಳ ಸಂತೆ. ಆ ಕಟ್ಟಡ ಮುಟ್ಟುವಾಗ ಎರಡೂವರೆ. ದೊಡ್ಡ, ಸ್ವಚ್ಛ ಕಟ್ಟಡ. ದರ್ಶನದ ಜಾಗ ಕೆಳಗೆ ಅಂದರು. ಇಳಿಯುತ್ತ ಹೋದಂತೆ ಬೆಳಕು ಕಡಿಮೆಯಾಗುತ್ತ ಬಂತು, ಗರ್ಭಗುಡಿಗೆ ಹೋಗುವ ಹಾಗೆಯೇ. ಮಂದಿ ಪಿಸುಮಾತಿಗೆ ಇಳಿದರು. ಅಕ್ಕ ಬಾಗಿಲ ಹೊರಗೆ ಗೋಡೆಗೆ ಒತ್ತಿ ಚಪ್ಪಲಿ ಬಿಟ್ಟಳು. ಅಕ್ಕ ಬಿಟ್ಟದ್ದು ಕಂಡು ನಾನೂ ಬಿಟ್ಟೆ. ತಲೆ ಮೇಲೆ ಸೆರಗು ಹೊದ್ದು, ಉಡಿಯ ಗಂಟನ್ನು ಎರಡೂ ಕೈಯಲ್ಲಿ ಹಿಡಿದು, ಬಾಯಲ್ಲಿ ಣಮೋಕಾರ ಅನ್ನುತ್ತ ಆಕೆ ಮುಂದೆ, ನಾನು ಹಿಂದೆ.

ಗಾಜಿನ ಪೆಟ್ಟಿಗೆ. ಒಳಗೆ ಸಣ್ಣ ದೀಪ. ಅಕ್ಕ ಬಾಗಿ ಹಣೆ ಮುಟ್ಟಿಸಲು ಹೋದವಳು ಅರ್ಧಕ್ಕೆ ನಿಂತಳು.

ಹೆಣ್ಣಿನ ಮುಖ. ಸುಟ್ಟ ಬದನೆಕಾಯಿಯ ಸಿಪ್ಪೆಯ ಹಾಗೆ ಎಲುಬಿಗೆ ಅಂಟಿದ ಚರ್ಮ. ಕೂದಲು ಇನ್ನೂ ಇದೆ, ಜಡೆ ಹಾಕುವಷ್ಟು. ತುಟಿ ಹಿಂದೆ ಸರಿದು ಹಲ್ಲು ಹೊರಗೆ. ಬೆರಳಿಗೆ ಉಗುರು. ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ನಮ್ಮ ಹಿಂದೆ ಯಾರೋ ಚೂಯಿಂಗ್ ಗಮ್ ಚಪ್ಪರಿಸುತ್ತಿದ್ದರು. ಫೋಟೋ ಬೇಡ ಅಂತ ಬರೆದಿದ್ದರೂ ಒಬ್ಬಳು ಹುಡುಗಿ ಮೊಬೈಲನ್ನು ಪರ್ಸಿನ ಮರೆಯಲ್ಲಿ ಹಿಡಿದು, ಆ ಮುಖದ ಪಕ್ಕಕ್ಕೆ ತನ್ನ ಮುಖ ತಂದು ಹಲ್ಲು ಕಿರಿದಳು. ಅದೇ ಹಲ್ಲುಗಳ ಹಾಗೆ. ಒಬ್ಬಾತ ಮಲಗಿದವರನ್ನು ಎಬ್ಬಿಸುವಂತೆ ಗಾಜನ್ನು ಬೆರಳಿಂದ ಟಕಟಕ ಬಡಿದ.

ಅಕ್ಕ ನನ್ನ ಕಡೆ ತಿರುಗಿ ಮೆಲ್ಲಗೆ ಅಂದಳು: "ಇದು ಹೆಣ ಐತಲ್ಲ ಬೇ."

ಮತ್ತೆ ಆ ಮುಖವನ್ನೇ ನೋಡಿದಳು. "ಯಾರದೋ ಮನಿ ಹೆಣ್ಮಗಳು. ಸುಡದನ ಇಟ್ಟಾರ. ನೋಡಾಕ ಸರತಿ ಹಚ್ಯಾರ," ಅಂದಳು.

ನನಗೆ ಆ ಹೊತ್ತಿಗೆ ಹೇಸಿಗೆ ಆದದ್ದು ಆ ಹೆಂಗಸಿನ ಮೇಲಲ್ಲ. ಆಕೆ ಏನು ಮಾಡಿಯಾಳು? ಸತ್ತಮೇಲೂ ಮೈ ಮುಚ್ಚಿಕೊಳ್ಳುವ ಹಕ್ಕಿಲ್ಲದೆ ಮಲಗಿದ್ದಾಳೆ. ಹೇಸಿಗೆ ಆದದ್ದು ಸರತಿಯ ಮೇಲೆ. ಆ ಸರತಿಯಲ್ಲಿ ಉಡಿ ಹಿಡಿದು ನಿಂತ ನಮ್ಮ ಮೇಲೆ.

ಹೊರಗೆ ಬಂದೆವು. ಚಪ್ಪಲಿ ಹಾಗೇ ಇದ್ದವು, ಅದೂ ಒಂದು ಪುಣ್ಯ. ಮೆಟ್ಟಿಲ ಮೇಲೆ ನಮ್ಮ ಗುಂಪಿನವರು ಕೂತು ಚಕ್ಕುಲಿ ತಿನ್ನುತ್ತ, ಯಾವ ಹೆಣದ ಹಲ್ಲು ಚಲೋ ಇದ್ದವು ಅಂತ ಮಾತಾಡುತ್ತಿದ್ದರು. ನಾನು ಅಕ್ಕನ ಡಬ್ಬಿ ತೆರೆಯಲು ಹೋದೆ. ಆಕೆ ನನ್ನ ಕೈ ತಡೆದಳು. ಹೆಣ ನೋಡಿ ಬಂದು ಸ್ನಾನವಿಲ್ಲದೆ ಅನ್ನ ಮುಟ್ಟುವುದೆಂದರೇನು? ನಮ್ಮ ಮನೆಯಲ್ಲಿ ಓಣಿಯ ಹೆಣ ಹಾದುಹೋದರೂ ಮೈ ತೊಳೆದೇ ಒಳಗೆ ಬರುವುದು.

ಟೂರಿನವನು ಗಾಬರಿಯಾಗಿ ಬಂದ. ಹೋಟೆಲಿಗೆ ಎರಡು ತಾಸಿನ ದಾರಿ. ಗಡಿಯಾರ ಮೂರೂವರೆ ದಾಟಿತ್ತು. ಆ ದೇಶದಲ್ಲಿ ಚಳಿಗಾಲದ ಸೂರ್ಯ ಐದಕ್ಕೆಲ್ಲ ಇಳಿಯುತ್ತಾನೆ. ಹೋಟೆಲ್ ಮುಟ್ಟಿ ಸ್ನಾನ ಮಾಡುವ ಹೊತ್ತಿಗೆ ಕತ್ತಲೆ. ಕತ್ತಲಾದರೆ ಅಕ್ಕ ನಾಳೆ ಸೂರ್ಯ ಮೂಡುವವರೆಗೆ ಉಣ್ಣಳು. ಗುಳಿಗೆ ಆಗಲೇ ತನ್ನ ಕೆಲಸ ನಡೆಸಿತ್ತು. ಆಕೆಯ ಮೇಲ್ದುಟಿಯ ಮೇಲೆ ಬೆವರ ಹನಿ ಕಂಡೆ.

ಆತ ಕೈಮುಗಿದ. "ಕಾಕೂ, ಸತ್ತು ಮೂರ ಸಾವಿರ ವರ್ಷ ಆಗೇತ್ರಿ. ಇನ್ನೆಲ್ಲಿ ಸೂತಕ? ಎರಡ ತುತ್ತ ಉಣ್ರಿ."

"ಸೂತಕ ಮುಗಿಯೂದು ಸುಟ್ಟಮ್ಯಾಲ ತಮ್ಮಾ," ಅಂದಳು ಅಕ್ಕ. "ಸುಟ್ಟಿಲ್ಲ ಅಂದಮ್ಯಾಲ ಮೂರ ಸಾವಿರ ವರ್ಷಾನೂ ಅದ, ಮೂರ ದಿನಾನೂ ಅದ. ದರ್ಶನ ಅಂತ ಬರದವ ನೀನ. ಇಲ್ಲಂದ್ರ ನಾ ಮಧ್ಯಾಹ್ನ ಉಂಡ ಬಿಡ್ತಿದ್ನಿ."

ಆತ ತಲೆ ಕೆಳಗೆ ಹಾಕಿದ. ಮೆಟ್ಟಿಲ ಮೇಲಿದ್ದ ಒಬ್ಬಾಕೆ, ದೇಶ ಬಿಟ್ಟು ದೇಶಕ್ಕೆ ಬಂದಮೇಲೆ ಇಷ್ಟೊಂದು ಮಡಿ ಮಾಡಿದರೆ ಹೇಗೆ ಅಂತ ನಮಗೆ ಕೇಳುವಂತೆ ಅಂದಳು. ಅದೇ ಬಾಯಿ ಹೋದ ಪರ್ವದಲ್ಲಿ ಎಂಟು ದಿನ ಉಪವಾಸ ಮಾಡಿ, ಮೆರವಣಿಗೆ ಮಾಡಿಸಿಕೊಂಡ ಬಾಯಿ. ಮಾತಿಗೆ ಹೊತ್ತಿರಲಿಲ್ಲ.

ಅಕ್ಕನ ತೋಳು ಹಿಡಿದು ಹೆಂಗಸರ ಸಂಡಾಸಿಗೆ ಕರೆದೊಯ್ದೆ. ಬಕೀಟಿಲ್ಲ, ತಂಬಿಗೆಯಿಲ್ಲ. ಕೈ ಒಡ್ಡಿದರೆ ನಾಲ್ಕು ಹನಿ ಉಗುಳಿ ನಿಲ್ಲುವ ನಲ್ಲಿ. ಯಾರೋ ಬಿಟ್ಟುಹೋದ ಒದ್ದೆ ಕಾಗದ ನೆಲಕ್ಕೆ ಅಂಟಿ ಕಾಲಿಗೆ ಮೆತ್ತುತ್ತಿತ್ತು. ಅಲ್ಲಿ ಕಸಗುಡಿಸುವ ಹೆಂಗಸು ಒಬ್ಬಳಿದ್ದಳು. ನನ್ನ ವಯಸ್ಸಿನವಳೇ, ತಲೆಗೆ ಬಿಗಿಯಾಗಿ ವಸ್ತ್ರ, ನೀಲಿ ಅಂಗಿ, ಮುಂದೆ ಏಪ್ರನ್. ಆಕೆಗೆ ನಮ್ಮ ಭಾಷೆ ಬಾರದು, ನಮಗೆ ಆಕೆಯದು. ತಲೆಯ ಮೇಲೆ ನೀರು ಸುರಿದುಕೊಳ್ಳುವ ಹಾಗೆ ಕೈ ಮಾಡಿ ತೋರಿಸಿದೆ. ಆಕೆ ನಕ್ಕು, ನೆಲ ಒರೆಸುವ ಬಕೀಟನ್ನು ನಮ್ಮ ಕಡೆ ತಳ್ಳಿದಳು. ಬೂದಿಬಣ್ಣದ ನೀರು, ಮೇಲೆ ಕೂದಲಿನ ಉಂಡೆ ತೇಲುತ್ತಿತ್ತು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ನನ್ನ ಮುಖ ಏನು ಹೇಳಿತೋ, ಆಕೆಯ ನಗು ನಿಂತಿತು.

ಅಕ್ಕ ಗೋಡೆಗೆ ಒರಗಿದ್ದಳು. ಒರಗಿದಲ್ಲಿಂದಲೇ ಒಂದು ಕೆಲಸ ಮಾಡಿದಳು. ಕೆಳಗಿನ ದಿಕ್ಕಿಗೆ, ಆ ಪೆಟ್ಟಿಗೆಗಳ ಕಡೆ ಬೆರಳು ತೋರಿಸಿದಳು. ಕಣ್ಣು ಮುಚ್ಚಿ, ಕೈ ಎದೆಯ ಮೇಲೆ ಜೋಡಿಸಿ ಹೆಣದ ಹಾಗೆ ನಿಂತಳು. ಆಮೇಲೆ ಕಣ್ಣು ತೆರೆದು ತನ್ನ ತಲೆ ಮುಟ್ಟಿ, ಭುಜ ಮುಟ್ಟಿ, ನೀರು ಇಳಿಯುವಂತೆ ಕೈ ಇಳಿಸಿದಳು.

ಆ ಹೆಂಗಸು ಗೋಣು ಹಾಕಿದಳು. ಒಂದು ಸಲ ಅಲ್ಲ, ನಾಲ್ಕೈದು ಸಲ. ಹೆಣ ತೊಳೆದವರು ತಾವೂ ಮೈ ತೊಳೆಯುವ ಪದ್ಧತಿ ಅವರಲ್ಲೂ ಇದೆಯಂತೆ. ಇದು ನನಗೆ ಗೊತ್ತಾದದ್ದು ಊರಿಗೆ ಬಂದ ಮೇಲೆ, ನಮ್ಮ ತೋಟಕ್ಕೆ ಬರುವ ಮುಸಲ್ಮಾನ ಆಳಿನ ಹೆಂಡತಿಯಿಂದ. ಆವತ್ತು ನಾನು ಕಂಡದ್ದು ಇಷ್ಟೇ: ಅಷ್ಟೊಂದು ಓದಿಬರೆದ ಮಂದಿ ತುಂಬಿದ ಕಟ್ಟಡದಲ್ಲಿ ಆ ಗಾಜಿನೊಳಗಿನದು ಹೆಣ ಅಂತ ಒಪ್ಪಿಕೊಂಡವಳು ಈಕೆ ಒಬ್ಬಳೇ.

ತಮ್ಮ ಕೋಣೆಗೆ ಕರೆದೊಯ್ದಳು. ಕೆಲಸದ ಹೆಂಗಸರು ಬಟ್ಟೆ ಬದಲಿಸುವ ಸಣ್ಣ ಕೋಣೆ, ಮೂಲೆಯಲ್ಲಿ ನಲ್ಲಿ, ನೆಲದಲ್ಲಿ ಮೋರಿಯ ಕಿಂಡಿ. ಬಾಗಿಲಿಗೆ ಅಗುಳಿ ಹಾಕಿದಳು. ಪ್ರಾರ್ಥನೆಗೆ ಮೊದಲು ಕೈಕಾಲು ತೊಳೆಯಲು ಇಟ್ಟುಕೊಂಡ ತನ್ನದೇ ಪ್ಲಾಸ್ಟಿಕ್ ಹೂಜಿಯನ್ನು ಮೂರು ಸಲ ತಿಕ್ಕಿ ತೊಳೆದು ತುಂಬಿದಳು. ನಾನು ಗಾಳಿಸುವ ಬಟ್ಟೆ ತೆಗೆದು ಹೂಜಿಯ ಬಾಯಿಗೆ ಕಟ್ಟಿದೆ. ಬಟ್ಟೆ ಸರಿಯಾಗಿ ಕೂತಿದೆಯೋ ಅಂತ ಆಕೆ ತಾನೇ ಎಳೆದು ನೋಡಿದಳು.

ಸುರಿಯಲು ನಾನು ಹೂಜಿಗೆ ಕೈ ಚಾಚಿದೆ. ಆಕೆ ಬಿಡಲಿಲ್ಲ, ಮುಂದೆ ಬಂದಳು. ಅಕ್ಕ ನನ್ನ ಮುಖ ನೋಡಿದಳು. ಮುಚ್ಚುಮರೆ ಯಾಕೆ, ಊರಲ್ಲಿ ಇಂಥ ಕೈಯ ನೀರನ್ನು ನಾವು ಅಂಗಳದ ಗಿಡಕ್ಕೂ ಹಾಕಿಸಿಕೊಂಡವರಲ್ಲ. ಕೊಳೆ ಬಳಿಯುವ ಕೈ. ಬೇರೆ ಮತದ ಕೈ. ಈಗ ನನಗೆ ಅದನ್ನು ಬರೆಯುವಾಗ ಹೇಸಿಗೆ. ಪಿಚಕ್ ಅಂತ ಉಗುಳಿದವರ ಕೈಯಿಂದ ಬೆಳಿಗ್ಗೆ ಬಸ್ಸಿನಲ್ಲಿ ಬಾಳೆಹಣ್ಣು ಇಸಿದುಕೊಂಡು ತಿಂದಿದ್ದೆ. ಆಗ ಏನೂ ಅನಿಸಿರಲಿಲ್ಲ.

"ಹಾಕು ಅನ್ನು ಆಕಿಗೆ," ಅಂದಳು ಅಕ್ಕ. "ಹೊತ್ತ ಇಳಿಯಾಕತ್ತೈತಿ."

ಸೀರೆ ಉಟ್ಟಂತೆಯೇ ಕೂತಳು. ಆ ಚಳಿಯಲ್ಲಿ ತಣ್ಣೀರು ತಲೆಗೆ ಬಿದ್ದಾಗ ಅಕ್ಕ ಹಾ ಅಂದಳು, ಅವಳ ಜೊತೆ ಆ ಹೆಂಗಸೂ ಹಾ ಅಂದಳು. ಐದು ಹೂಜಿ. ಆಮೇಲೆ ನನಗೊಂದು ಎರಡು. ಯಾತ್ರೆಯ ರೂಢಿಯಿಂದ ನನ್ನ ಚೀಲದಲ್ಲಿ ಒಂದು ನೂಲಿನ ಸೀರೆ ಯಾವಾಗಲೂ ಇರುತ್ತದೆ. ಅದನ್ನು ಅಕ್ಕನಿಗೆ ಉಡಿಸಿದೆ, ನಾನು ಒದ್ದೆಯಲ್ಲೇ ಉಳಿದೆ.

ಹೊರಡುವಾಗ ಕೈಗೆ ಸಿಕ್ಕಿದ್ದು ಉಡಿಯ ಗಂಟು. ಒಳಗೆ ಹೋಗುವಾಗ ಅದನ್ನು ಸಂಡಾಸಿನ ಹೊರಗಿನ ಕಿಟಕಿಯಲ್ಲಿಟ್ಟಿದ್ದೆ. ಸೂತಕದಲ್ಲಿ ತಿರುಗಿದ್ದನ್ನು ಕೊಡಬಹುದೇ ಅಂತ ಕೇಳಿದೆ. ಅಕ್ಕ ಗಂಟಿನ ಮೇಲೆ ಎರಡು ಹನಿ ನೀರು ಚಿಮುಕಿಸಿದಳು. ತಾಯಿಗೆ ಅಂತ ಕಟ್ಟಿದ್ದನ್ನು ಹೊಳ್ಳಿ ಒಯ್ಯಬಾರದು ಅಂದಳು. ಆ ಹೆಂಗಸಿನ ಏಪ್ರನ್ನಿನ ತುದಿ ಹಿಡಿದು ಎಳೆದು, ಉಡಿ ಒಡ್ಡುವುದು ಹೇಗೆ ಅಂತ ತೋರಿಸಿ, ಗಂಟನ್ನು ಅದರಲ್ಲಿ ಇಟ್ಟಳು. ಆಕೆ ಖಣ ಬಿಚ್ಚಿ ನೋಡಿದಳು. ಬಳೆ ಗೊತ್ತಾಯಿತು. ಉತ್ತತ್ತಿ ಗೊತ್ತಾಯಿತು. ಅರಿಷಿಣ ಕೊಂಬನ್ನು ಮೂಗಿಗೆ ಹಿಡಿದು, ನಕ್ಕು, ಕಿಸೆಯಲ್ಲಿ ಹಾಕಿಕೊಂಡಳು. ಅಕ್ಕ ಬಾಗಲಿಲ್ಲ, ಕೈ ಮುಗಿಯಲಿಲ್ಲ. ಆಕೆಯ ಭುಜದ ಮೇಲೆ ಒಂದು ಸಲ ಕೈ ಇಟ್ಟಳು, ಅಷ್ಟೇ.

ಬಸ್ಸಿನಲ್ಲಿ ಎಲ್ಲರೂ ಮುಖ ಊದಿಸಿಕೊಂಡಿದ್ದರು. ನನ್ನ ಒದ್ದೆ ಸೀರೆಯಿಂದ ಸೀಟು ಒದ್ದೆಯಾಯಿತು ಅಂತ ತಂಬಾಕಿನ ಹಿರಿಯರು ಗೊಣಗಿದರು. ಅಕ್ಕ ಡಬ್ಬಿ ತೆರೆದಳು. ಎರಡು ರೊಟ್ಟಿ, ಮಡಕಿ ಕಾಳಿನ ಪಲ್ಯ, ಹಿಂಡಿ, ಒಂದು ತುಂಡು ಬೆಲ್ಲ. ಬೆಲ್ಲ ಮೊದಲು ಬಾಯಿಗೆ ಹಾಕಿಸಿದೆ. ರೊಟ್ಟಿ ಮುರಿದು ನಾನೇ ಕೊಟ್ಟೆ. ಕಿಟಕಿಯಲ್ಲಿ ಸೂರ್ಯ ಕಟ್ಟಡಗಳ ಹಿಂದೆ ಹೋಗುವುದು, ಮತ್ತೆ ಕಾಣುವುದು. ಒಂದೂವರೆ ರೊಟ್ಟಿಯಾಗಿತ್ತು, ನೀರು ಕುಡಿದು ಲೋಟ ಕೆಳಗಿಟ್ಟಳು. ಸೂರ್ಯನ ಕೆಂಪು ಅಂಚು ಇನ್ನೂ ಇತ್ತು. ಉಳಿದ ಅರ್ಧ ರೊಟ್ಟಿಗೆ ಹೊತ್ತು ಇತ್ತೋ ಏನೋ, ಅಕ್ಕ ಬೇಡ ಅಂದಳು. ಸ್ವಲ್ಪ ಹೊತ್ತಿಗೆ ಅವಳ ಹಣೆ ಒಣಗಿತು.

ಆಮೇಲೆ ಮೂರು ದಿನ ಆ ದೇಶದಲ್ಲಿ ಇದ್ದೆವು. ನೈಲ್ ನೋಡಿದೆ. ನನಗೆ ನೆನಪಿಲ್ಲ. ಕಣ್ಣು ಮುಚ್ಚಿದರೆ ಆ ಹಲ್ಲು, ಪಕ್ಕದಲ್ಲಿ ಆ ಹುಡುಗಿಯ ಹಲ್ಲು. ಊರಿಗೆ ಬಂದಮೇಲೆ ಬಸದಿಯಲ್ಲಿ ಕೇಳಿದವರೆಲ್ಲ ಅಲ್ಲಿ ಬಂಗಾರ ಹೇಗೆ, ಏನೇನು ತಂದಿರಿ ಅಂತಲೇ ಕೇಳಿದರು.

ಮೊನ್ನೆ ಟೂರಿನವನು ಈ ವರ್ಷದ ಹಾಳೆ ತಂದುಕೊಟ್ಟ. ಅಥಣಿ, ಕಾಗವಾಡದಿಂದ ಆಗಲೇ ಮಂದಿ ಹೆಸರು ಕೊಟ್ಟಿದ್ದಾರಂತೆ. ಎರಡನೇ ದಿನದ ಮಧ್ಯಾಹ್ನ ಮತ್ತೆ ಅದೇ: ರಾಣಿ ಮಮ್ಮಿ ದರ್ಶನ. ತಿದ್ದಲು ಮರೆತೆ ಕಾಕೂ ಅಂದ. ಅಕ್ಕ ನನ್ನ ಕೈಯಿಂದ ಪೆನ್ನು ಇಸಿದುಕೊಂಡು ‘ದರ್ಶನ’ದ ಮೇಲೆ ಗೀಟು ಎಳೆದಳು. ಅದರ ಕೆಳಗೆ, ಆಕೆಯ ಮೂರನೇತ್ತೆಯ ಅಕ್ಷರದಲ್ಲಿ ಬರೆದಳು: ಉಂಡು ಹೋಗ್ರಿ. ತಂಬಿಗಿ ಒಯ್ರಿ.

ಆ ದೇಶವನ್ನು ಯಾಕೆ ನೋಡಬೇಕು ಅಂತ ಮಂಡಳದವರು ಕೇಳಿದ್ದಾರೆ. ಹೋಗುವವರು ಹೋಗಲಿ. ಕೆಳಗಿನ ಸರತಿಯಲ್ಲಿ ನಿಲ್ಲಬೇಡಿ. ಹೆಂಗಸರ ಸಂಡಾಸಿನ ಹತ್ತಿರ ನೀಲಿ ಅಂಗಿಯ ಒಬ್ಬಾಕೆ ಇರುತ್ತಾಳೆ, ಕೈಯಲ್ಲಿ ಹಸಿರು ಬಳೆ ಇದ್ದರೂ ಇರಬಹುದು. ಆಕೆಯನ್ನು ನೋಡಿ ಬನ್ನಿ.